ಬೇಡ ಅನ್ನೋ ಕೌಂಟರ್ ಹುಡುಗಿ

“ಮೇಡಂ, ಇಲ್ಲಿ ಹುಡುಗರು ಯಾರೂ ಇಲ್ವಾ?”

ಕಾರ್ ಶೋರೂಂನ ಆಕ್ಸೆಸರೀಸ್ ಕೌಂಟರಿನಲ್ಲಿ ಕುಳಿತ ಮೊದಲ ವಾರ ನನಗೆ ಅತಿ ಹೆಚ್ಚು ಸಲ ಎದುರಾದ ಪ್ರಶ್ನೆ ಇದು. ಕೇಳಿದವರದ್ದೂ ತಪ್ಪಿಲ್ಲ ಬಿಡಿ. ನನಗೆ ಆಗ ಕಾರಿನ ಬಗ್ಗೆ ಗೊತ್ತಿದ್ದದ್ದು ಇಷ್ಟೇ: ಅದಕ್ಕೆ ನಾಲ್ಕು ಚಕ್ರ, ನಮ್ಮ ಮನೆಯಲ್ಲಿ ಅದು ಇಲ್ಲ.

ತೀರ್ಥಹಳ್ಳಿ ಹತ್ತಿರದ ಹಳ್ಳಿ ನನ್ನದು. ಬಿ.ಕಾಂ ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತೇನೆಂದು ಶಿವಮೊಗ್ಗದ ವಿನೋಬನಗರದ ಪಿಜಿಯೊಂದಕ್ಕೆ ಬಂದು ಸೇರಿದ್ದೆ. ಎರಡು ಸಲ ಪ್ರಿಲಿಮ್ಸ್ ದಾಟಿ ಮೇನ್ಸ್‌ನಲ್ಲಿ ಕೈಕೊಟ್ಟಿತು. ಮೂರನೇ ಸಲಕ್ಕೆ ಅಪ್ಪನ ಹತ್ತಿರ ಪಿಜಿ ಬಾಡಿಗೆ ಕೇಳಲು ಬಾಯಿ ಬರಲಿಲ್ಲ. ಪೇಪರಿನಲ್ಲಿ ಜಾಹೀರಾತು ನೋಡಿ ಹೋದೆ, ಅಕೌಂಟ್ಸ್ ಕೆಲಸ ಇರಬಹುದು ಎಂದುಕೊಂಡು. “ಅಕೌಂಟ್ಸ್ ಖಾಲಿ ಇಲ್ಲಮ್ಮ, ಆಕ್ಸೆಸರೀಸ್ ಇದೆ. 14 ಸಾವಿರ ಪ್ಲಸ್ ಇನ್ಸೆಂಟಿವ್. ಆರು ತಿಂಗಳು ಪ್ರೊಬೇಷನ್” ಎಂದರು. ಪ್ಲಸ್ ಎನ್ನುವ ಪದ ಕಿವಿಗೆ ಇಂಪಾಗಿ ಕೇಳಿತು. ಒಪ್ಪಿಕೊಂಡೆ.

ಲೆಕ್ಕ ಸರಳ. ಶೋರೂಂನಿಂದ ಹೊರಗೆ ಹೋಗುವ ಪ್ರತಿ ಎಸ್‌ಯುವಿ ಮೇಲೆ ಸರಾಸರಿ 22 ಸಾವಿರ ರೂಪಾಯಿಯ ಆಕ್ಸೆಸರೀಸ್ ಬಿಲ್ ಆಗಬೇಕು. ಆರು ತಿಂಗಳು ಆ ಸರಾಸರಿ ಹಿಡಿದರೆ ಕನ್ಫರ್ಮ್. ಇಲ್ಲವಾದರೆ “ನೋಡೋಣ”. ಕೆಲಸ ಹುಡುಕಿದವರಿಗೆಲ್ಲ ‘ನೋಡೋಣ’ ಎಂದರೆ ಏನೆಂದು ಗೊತ್ತು.

ಕಾರು ಕೊಳ್ಳಲು ಬಂದವರ ಮನಸ್ಸು ಒಂದು ವಿಚಿತ್ರ. ಸಂತೆಯಲ್ಲಿ ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಚೌಕಾಸಿ ಮಾಡುವವರೇ ಇಲ್ಲಿ 14 ಲಕ್ಷದ ಗಾಡಿ ಬುಕ್ ಮಾಡಿದ ಮೇಲೆ 1,500 ರೂಪಾಯಿಯ ಕ್ರೋಮ್ ಪಟ್ಟಿಗೆ “ಹಾಕಿ ಹಾಕಿ” ಎಂದುಬಿಡುತ್ತಾರೆ. ಹದಿನಾಲ್ಕು ಲಕ್ಷದ ಪಕ್ಕದಲ್ಲಿ ಸಾವಿರ ಎನ್ನುವುದು ಚಿಲ್ಲರೆಯ ಹಾಗೆ ಕಾಣುತ್ತದೆ. ಅದರ ಮೇಲೆ ನಾವು ಹೇಳುವ ಮಾತೊಂದಿದೆ: “ಸರ್, ಇದನ್ನೂ ಲೋನ್‌ಗೇ ಸೇರಿಸಿಬಿಡೋಣ, ಇಎಂಐ ಸಾವಿರ ರೂಪಾಯಿನೂ ಜಾಸ್ತಿ ಆಗಲ್ಲ.” ಸುಳ್ಳೇನಲ್ಲ. 60 ಸಾವಿರದ ಆಕ್ಸೆಸರೀಸ್‌ ಅನ್ನು ಶೇ 9.5ರ ಬಡ್ಡಿಗೆ ಏಳು ವರ್ಷದ ಸಾಲಕ್ಕೆ ಸೇರಿಸಿದರೆ ತಿಂಗಳಿಗೆ ಸುಮಾರು 980 ರೂಪಾಯಿ. ಏಳು ವರ್ಷದ ಕೊನೆಗೆ ಕಟ್ಟಿದ್ದು 82 ಸಾವಿರ ದಾಟಿರುತ್ತದೆ; ಆ ಹೊತ್ತಿಗೆ ಸೀಟ್ ಕವರ್ ಹರಿದು, ಮ್ಯಾಟ್ ಬದಲಾಗಿ ಎಷ್ಟೋ ಕಾಲವಾಗಿರುತ್ತದೆ. ಬ್ಯಾಂಕ್ ಪರೀಕ್ಷೆಗೆ ಕಲಿತ ಲೆಕ್ಕ ಇದು. ಕೌಂಟರಿನಲ್ಲಿ ಮೊದಲ ಅರ್ಧ ಮಾತ್ರ ಹೇಳುತ್ತಿದ್ದೆ.

ಎರಡು ತಿಂಗಳಿಗೇ ಕೆಲಸ ಕೈಗೆ ಹತ್ತಿತು. ಗಂಡ ‘ಬೇಡ’ ಎಂದರೆ ಹೆಂಡತಿಯನ್ನು ಕೇಳಬೇಕು, ಇಬ್ಬರೂ ‘ಬೇಡ’ ಎಂದರೆ ಮಗನನ್ನು ಕೇಳಬೇಕು ಎಂಬುದೆಲ್ಲ ಗೊತ್ತಾಯಿತು. ಮಗ ಬೇಡ ಎಂದ ದಾಖಲೆ ನಮ್ಮ ಕೌಂಟರಿನಲ್ಲಿ ಇಲ್ಲ. ಸರಾಸರಿ 24 ಸಾವಿರಕ್ಕೆ ಹೋಗಿತ್ತು. ಹುಡುಗರು ಇಲ್ವಾ ಎಂದು ಕೇಳಿದವರಿಗೆ “ಇದ್ದಾರೆ ಸರ್, ಸ್ಕ್ರೂ ತಿರುಗಿಸ್ತಾರೆ. ಏನು ಹಾಕಬೇಕು ಅಂತ ಹೇಳೋದು ನಾನೇ” ಎನ್ನುವಷ್ಟು ಧೈರ್ಯ ಬಂದಿತ್ತು.

ಆ ದಿನಗಳಲ್ಲಿ ಬಂದವರು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿಸಿ ಕೊಂಡ ಮೊದಲ ಕಾರು. ಸಾಲ ಇಲ್ಲ. ಜೇಬಿನಲ್ಲಿ ಮಡಚಿದ ಚೀಟಿ, ಅದರಲ್ಲಿ ಅಚ್ಚುಕಟ್ಟಾದ ಅಕ್ಷರದಲ್ಲಿ ಪ್ರಶ್ನೆಗಳು. ಅವರು ಈ ಗಾಡಿ ಆರಿಸಿದ್ದೇ ಆರು ಏರ್‌ಬ್ಯಾಗ್ ಇದೆ ಎಂಬ ಕಾರಣಕ್ಕಂತೆ. ಅದಕ್ಕಾಗಿ ಸನ್‌ರೂಫ್ ಇರುವ ಇನ್ನೊಂದು ಗಾಡಿಯನ್ನು ಬಿಟ್ಟು ಬಂದಿದ್ದರು. “ನಮ್ಮ ಮನೆಯವಳಿಗೆ ಘಾಟಿ ಅಂದ್ರೆ ಹೆದರಿಕೆ. ಆರಿದೆ ಅಂದ್ಮೇಲೆ ಹೊರನಾಡಿಗೆ ಬರ್ತೀನಿ ಅಂದಿದಾಳೆ” ಎಂದು ನಕ್ಕರು. ನಾನು ಅವರಿಗೆ 7,500 ರೂಪಾಯಿಯ ದಪ್ಪ ಲೆದರೆಟ್ ಸೀಟ್ ಕವರ್ ಮಾರಿದೆ. ಕಂದು ಬಣ್ಣ, ಡೈಮಂಡ್ ಹೊಲಿಗೆ. “ಬಟ್ಟೆ ಸೀಟು ಕೊಳೆಯಾಗುತ್ತೆ ಸರ್” ಎಂದಿದ್ದೆ. ಅವರ ಚೀಟಿಯಲ್ಲಿ ಸೀಟ್ ಕವರ್ ಇರಲಿಲ್ಲ.

ಹದಿನೈದು ದಿನದ ಮೇಲೆ ಅದೇ ಮಾದರಿಯ ಇನ್ನೊಂದು ಗಾಡಿಗೆ ಕವರ್ ಹಾಕಿಸಲು ಹೇಳಿದಾಗ ನಮ್ಮ ಹಿರಿಯ ಎಲೆಕ್ಟ್ರಿಷಿಯನ್, ನಾವೆಲ್ಲ ಭಾಯ್ ಎಂದು ಕರೆಯುವವರು, ನನ್ನನ್ನು ಗಾಡಿ ಹತ್ತಿರ ಕರೆದರು. ಮಾಮೂಲಿಯಾಗಿ ಕವರ್ ಹಾಕುವ ಹುಡುಗ ಅವತ್ತು ರಜೆ. ಡ್ರೈವರ್ ಸೀಟಿನ ಬೆನ್ನಿನ ಹೊರಅಂಚಿನಲ್ಲಿ ಬೆರಳುಗುರಿನಷ್ಟು ದೊಡ್ಡ ಬಟ್ಟೆಯ ಚೀಟಿ ತೋರಿಸಿದರು.

“ಓದಮ್ಮಾ.”

ಏರ್‌ಬ್ಯಾಗ್ ಎಂದಿತ್ತು.

“ಎಲ್ಲಿದೆ ಏರ್‌ಬ್ಯಾಗ್?”

ಸ್ಟೀರಿಂಗ್‌ನಲ್ಲಿ, ಡ್ಯಾಶ್‌ಬೋರ್ಡಿನಲ್ಲಿ ಎಂದೆ. ಭಾಯ್ ಆ ಹೊಲಿಗೆಯ ಮೇಲೆ ಬೆರಳಿಟ್ಟರು. “ಇಲ್ಲೂ ಇದೆ. ಪಕ್ಕದಿಂದ ಗುದ್ದಿದ್ರೆ ಈ ಹೊಲಿಗೆ ಹರ್ಕೊಂಡು ಹೊರಗೆ ಬರ್ಬೇಕು. ನೀನು ಇದರ ಮೇಲೆ ಗೋಣಿಚೀಲ ಹಾಕಿ ಹೊಲಿದ್ರೆ ಎಲ್ಲಿಂದ ಬರುತ್ತೆ?”

ಮುಂದಿನಿಂದ ಡಿಕ್ಕಿಯಾದರೆ ನಮ್ಮ ಮತ್ತು ಎದುರಿನ ಗಾಡಿಯ ನಡುವೆ ಬಾನೆಟ್ ಇದೆ, ಎಂಜಿನ್ ಇದೆ, ಮುದುಡಲು ಒಂದಷ್ಟು ಜಾಗ ಇದೆ. ಪಕ್ಕದಲ್ಲಿ ಇರುವುದು ಬಾಗಿಲು ಮಾತ್ರ, ಒಂದು ಗೇಣೂ ಇಲ್ಲ. ಹಾಗಾಗಿ ಸೀಟಿನೊಳಗಿನ ಈ ಬ್ಯಾಗ್ ಸುಮಾರು 20 ಮಿಲಿಸೆಕೆಂಡಿನೊಳಗೆ ತೆರೆದುಕೊಳ್ಳಬೇಕು. ನಾವು ಕಣ್ಣು ಮಿಟುಕಿಸಲು ಇದರ ಐದು ಪಟ್ಟಾದರೂ ಹೊತ್ತು ಬೇಕು. ಸೀಟಿನ ಆ ಭಾಗದ ಹೊಲಿಗೆಯನ್ನು ಕಂಪನಿಯವರು ಬೇಕೆಂದೇ ಹರಿಯುವ ಹಾಗೆ ಮಾಡಿರುತ್ತಾರೆ. ಮೇಲೊಂದು ದಪ್ಪ ಕವರ್ ಬಿಗಿದರೆ ಬ್ಯಾಗ್ ತಡವಾಗಬಹುದು, ಎಲ್ಲೋ ತಿರುಗಿ ಬರಬಹುದು, ಬಾರದೆಯೂ ಇರಬಹುದು. ಸೈಡ್ ಏರ್‌ಬ್ಯಾಗ್ ಇರುವ ಸೀಟಿಗೆಂದೇ ಬೇರೆ ಕವರ್ ಬರುತ್ತವೆ. ಅವುಗಳಲ್ಲಿ ಆ ಬದಿ ತೆರೆದಿರುತ್ತದೆ, ಇಲ್ಲವೇ ಸುಲಭವಾಗಿ ಬಿಡುವ ಹೊಲಿಗೆ ಇರುತ್ತದೆ. ಗಾಡಿಯ ಜೊತೆ ಕೊಡುವ ಪುಸ್ತಕದಲ್ಲಿ ಇದೆಲ್ಲ ಬರೆದಿತ್ತು. ಪ್ಲಾಸ್ಟಿಕ್ ಕವರ್ ಸಮೇತ ಗ್ಲೋವ್ ಬಾಕ್ಸಿನಲ್ಲಿ ಮಲಗಿರುವ ಆ ಪುಸ್ತಕವನ್ನು ನಾನೂ ಅದುವರೆಗೆ ತೆರೆದಿರಲಿಲ್ಲ.

ಅಂದು ಸಂಜೆ ಬಿಲ್ ಬುಕ್ ತೆಗೆದು ಕುಳಿತೆ. ಸೈಡ್ ಏರ್‌ಬ್ಯಾಗ್ ಇರುವ ಗಾಡಿಗಳಿಗೆ ಮಾಮೂಲಿ ಕವರ್ ಕೊಟ್ಟದ್ದು ಹನ್ನೊಂದು. ಒಂದೊಂದರ ಮುಂದೆಯೂ ನನ್ನ ಸಹಿ. ಮೇಷ್ಟ್ರದ್ದು ಏಳನೆಯದು.

ಮ್ಯಾನೇಜರ್‌ಗೆ ಹೇಳಿದೆ. ಅವರು ಕೆಟ್ಟವರೇನಲ್ಲ, ಅವರ ತಲೆಯ ಮೇಲೂ ಒಂದು ಟಾರ್ಗೆಟ್ ಇದೆ. “ಯಾರಾದ್ರೂ ಕಂಪ್ಲೇಂಟ್ ಮಾಡಿದಾರಾ? ಇಲ್ಲ ತಾನೇ? ಇನ್ಮೇಲೆ ಸರಿಯಾದ್ದು ಕೊಡು. ಹಳೇದನ್ನ ಕೆದಕ್ಬೇಡ” ಎಂದರು. ನಾನು ತಲೆಯಾಡಿಸಿ ಪಿಜಿಗೆ ಬಂದೆ. ಊಟ ಸೇರಲಿಲ್ಲ. ಮೂರು ದಿನ ಹೀಗೇ ಕಳೆಯಿತು ಎನ್ನುವುದನ್ನೂ ಬರೆಯಬೇಕು. ಗೊತ್ತಾದ ಮರುಕ್ಷಣವೇ ಫೋನ್ ಮಾಡಿದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಹಾಗಾಗಲಿಲ್ಲ. ಕೆಲಸ ಹೋದರೆ ಅಪ್ಪನಿಗೆ ಏನು ಹೇಳುವುದು ಎನ್ನುವುದೇ ಆ ಮೂರು ದಿನದ ಯೋಚನೆ. ನಾಲ್ಕನೇ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಸರ್ವಿಸ್ ಶೆಡ್ಡಿನ ಹಿಂದೆ ನಿಂತು ನನ್ನ ಮೊಬೈಲಿನಿಂದಲೇ ಒಬ್ಬೊಬ್ಬರಿಗೂ ಕರೆ ಮಾಡಿದೆ.

ಒಬ್ಬರು ಫೋನ್ ಎತ್ತಲಿಲ್ಲ. ಇಬ್ಬರು ಚೆನ್ನಾಗಿ ಬೈದರು, ಅದರಲ್ಲೊಬ್ಬರು “ದುಡ್ಡು ತಗೊಳ್ಳೋವಾಗ ಗೊತ್ತಿರ್ಲಿಲ್ವಾ?” ಎಂದರು. ಉತ್ತರ ಇರಲಿಲ್ಲ. ಮೂವರು “ಅಯ್ಯೋ ಇರ್ಲಿ ಬಿಡಿ ಮೇಡಂ, ಚೆನ್ನಾಗಿ ಕಾಣ್ತಿದೆ” ಎಂದರು. ಈ ಮೂವರ ಮಾತೇ ಇವತ್ತಿಗೂ ಹೆಚ್ಚು ಕೊರೆಯುತ್ತದೆ, ಬೈದವರದ್ದಲ್ಲ. ನಾಲ್ವರು ಗಾಡಿ ತಂದರು. ಹಿಂದಿನ ಸೀಟಿನೊಳಗೆ ಏರ್‌ಬ್ಯಾಗ್ ಇರಲಿಲ್ಲವಾದ್ದರಿಂದ ಮುಂದಿನ ಎರಡು ಕವರ್ ಬಿಚ್ಚಿದರೆ ಸಾಕಿತ್ತು. ಭಾಯ್ ಕೂಲಿ ತೆಗೆದುಕೊಳ್ಳದೆ ಬಿಚ್ಚಿಕೊಟ್ಟರು. ಕೇಳಿದವರಿಗೆ ಮುಂದಿನ ಕವರಿನ ದುಡ್ಡು ವಾಪಸ್ ಕೊಡಬೇಕಾಯಿತು. ಅದು ಆ ತಿಂಗಳ ನನ್ನ ಇನ್ಸೆಂಟಿವ್‌ನಿಂದ ಹೋಯಿತು. ಮ್ಯಾನೇಜರ್ ಒಂದು ವಾರ ನನ್ನ ಜೊತೆ ವಾಟ್ಸ್ಆ್ಯಪ್‌ನಲ್ಲಿ ಮಾತ್ರ ಮಾತಾಡಿದರು.

ಮೇಷ್ಟ್ರು ಪೂರ್ತಿ ಕೇಳಿಸಿಕೊಂಡು, “ಆಯ್ತಮ್ಮ, ನಾಳೆ ಬರ್ತೀನಿ” ಎಂದಷ್ಟೇ ಹೇಳಿದರು. ಬಂದರು. ಕವರ್ ಬಿಚ್ಚುವಾಗ ಪಕ್ಕದಲ್ಲಿ ನಿಂತು ಆ ಚೀಟಿಯನ್ನು ಕನ್ನಡಕ ಏರಿಸಿ ಓದಿದರು. ದುಡ್ಡು ಕೊಡಲು ಹೋದರೆ ಬೇಡವೆಂದರು. “ಬಿಚ್ಚಿದ್ದನ್ನ ಒಂದು ಚೀಲಕ್ಕೆ ಹಾಕಿಕೊಡು. ಜಗಲಿ ಬೆಂಚಿಗೆ ಹಾಸ್ತೀನಿ. ಬೆಂಚಿಗೆ ಏರ್‌ಬ್ಯಾಗ್ ಇಲ್ವಲ್ಲ?” ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆ ಮೇಲೆ ಭಾಯ್‌ಗೆ ನಾನು ಶಿಷ್ಯೆಯಾದೆ. ಬಿಡುವಿದ್ದಾಗೆಲ್ಲ ಶೆಡ್ಡಿಗೆ ಹೋಗಿ ಪ್ರತಿ ಸಾಮಾನನ್ನೂ ‘ಇದು ಗಾಡಿಯಲ್ಲಿ ಮೊದಲೇ ಇರುವ ಯಾವುದನ್ನು ಕೆಡಿಸುತ್ತದೆ?’ ಎಂದು ಕೇಳುವುದು. ಮ್ಯಾಟ್ ಎಂದರೆ ಏನಿದೆ ಅದರಲ್ಲಿ ಎಂದುಕೊಂಡಿದ್ದೆ. 2009ರ ಆಗಸ್ಟ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ಲೆಕ್ಸಸ್ ಸೆಡಾನ್‌ಗೆ ಅದೇ ಕಂಪನಿಯ ಎಸ್‌ಯುವಿಯ ರಬ್ಬರ್ ಮ್ಯಾಟ್ ಹಾಕಿದ್ದರು. ಆಕ್ಸಿಲರೇಟರ್ ಅದಕ್ಕೆ ಸಿಕ್ಕಿಹಾಕಿಕೊಂಡು ಗಾಡಿ ನಿಲ್ಲಲೇ ಇಲ್ಲ. ಒಂದೇ ಕುಟುಂಬದ ನಾಲ್ವರು ಹೋದರು. ಆಮೇಲೆ ಟೊಯೊಟಾ ಲಕ್ಷಗಟ್ಟಲೆ ಗಾಡಿಗಳನ್ನು ಮ್ಯಾಟ್ ವಿಷಯಕ್ಕೇ ವಾಪಸ್ ಕರೆಯಬೇಕಾಯಿತು. ಡ್ರೈವರ್ ಬದಿಯಲ್ಲಿ ಕಂಪನಿ ಮ್ಯಾಟಿನ ಮೇಲೆ ಇನ್ನೊಂದು ಹಾಸುವುದು ನಮ್ಮಲ್ಲಿ ಮಾಮೂಲು. ಈಗ ನಾನು ಮೊದಲು ಕೆಳಗಿನದ್ದನ್ನು ತೆಗೆಸಿ, ನೆಲದ ಕೊಕ್ಕೆಗೆ ಹೊಸ ಮ್ಯಾಟ್ ಸಿಕ್ಕಿದೆಯೇ ಎಂದು ಬಗ್ಗಿ ನೋಡಿಯೇ ಬಿಲ್ ಮಾಡುವುದು.

ನನ್ನ ಸರಾಸರಿ 13 ಸಾವಿರಕ್ಕೆ ಇಳಿಯಿತು.

ಐದನೇ ತಿಂಗಳಲ್ಲಿ ದೊಡ್ಡಪ್ಪನ ಮಗ ಅಣ್ಣ ಗಾಡಿ ಬುಕ್ ಮಾಡಿದ. ಆ ವರ್ಷ ಅಡಿಕೆ ರೇಟು ಕೈಹಿಡಿದಿತ್ತು. “ನೀನಿರೋ ಶೋರೂಂನಲ್ಲೇ ತಗೊಂಡಿದೀನಿ, ನಿಂಗೆ ಟಾರ್ಗೆಟ್ ಅಂತೆಲ್ಲ ಇರ್ತದಲ್ಲ” ಎನ್ನುತ್ತ ಮೊಬೈಲಿನಲ್ಲಿ ಒಂದು ಪಟ್ಟಿ ತೋರಿಸಿದ. ರೀಲ್ಸ್ ನೋಡಿ ನೋಡಿ ಮಾಡಿದ್ದು. ಮುಂದೆ ಬುಲ್ ಬಾರ್, ಹಿಂದೆ ಕಬ್ಬಿಣದ ಗಾರ್ಡ್, 18 ಇಂಚಿನ ಅಲಾಯ್, ಸುತ್ತ ಕಪ್ಪು ಫಿಲ್ಮ್, ಮೇಲೆ ಎಲ್‌ಇಡಿ ಬಾರ್, ಆ್ಯಂಪ್ಲಿಫೈಯರ್ ಜೊತೆ ಸಬ್‌ವೂಫರ್. ನಮ್ಮಲ್ಲಿ ಸಿಗದ್ದನ್ನು ಹೊರಗಿನಿಂದ ತರಿಸಿ ನಮ್ಮ ಬಿಲ್ಲಿನಲ್ಲೇ ಹಾಕಬಹುದು. ಒಟ್ಟು 1,38,000 ರೂಪಾಯಿ. ಆ ಒಂದು ಬಿಲ್ ಆಗಿದ್ದರೆ ತಿಂಗಳ ಸರಾಸರಿ ಚಿಮ್ಮಿ ನಾನು ದಡ ಸೇರುತ್ತಿದ್ದೆ. ಮ್ಯಾನೇಜರ್ ದೂರದಿಂದಲೇ ಹೆಬ್ಬೆರಳು ಎತ್ತಿ ತೋರಿಸಿದರು.

“ಅಣ್ಣ, ಬಾ ಕೂತ್ಕೊ. ಕಾಫಿ ಕುಡಿ” ಎಂದೆ.

ಬುಲ್ ಬಾರಿನಿಂದ ಶುರು ಮಾಡಿದೆ. “ನಮ್ಮ ಕಡೆ ದನ ಅಡ್ಡ ಬರ್ತವೆ ಮಾರಾಯ್ತಿ, ಗಾಡಿಗೆ ಏಟಾಗಲ್ಲ” ಎಂದ. ಗಾಡಿಗೆ ಏಟಾಗದಿರುವುದೇ ತೊಂದರೆ ಎಂದು ಅವನಿಗೆ ಅರ್ಥ ಮಾಡಿಸಲು ಕಾಲು ಗಂಟೆ ಹಿಡಿಯಿತು. ಈಗಿನ ಗಾಡಿಯ ಮುಂಭಾಗವನ್ನು ಮುದುಡಲೆಂದೇ ಮಾಡಿರುತ್ತಾರೆ. ಅದು ಮುದುಡುತ್ತ ಏಟನ್ನು ನುಂಗುತ್ತದೆ, ಆ ಮುದುಡುವ ರೀತಿ ನೋಡಿಯೇ ಸೆನ್ಸರ್ ಏರ್‌ಬ್ಯಾಗ್ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ನಡುವೆ ಕಬ್ಬಿಣದ ಕಂಬಿ ನಿಂತರೆ ಏಟು ನೇರ ಗಾಡಿಯ ಚೌಕಟ್ಟಿಗೆ, ಅಲ್ಲಿಂದ ಒಳಗೆ ಕೂತವರಿಗೆ. ರಸ್ತೆ ದಾಟುವವನಿಗಂತೂ ಬಾನೆಟ್ ಬೇರೆ, ಕಂಬಿ ಬೇರೆ. ಇದೇ ಕಾರಣಕ್ಕೆ 2017ರ ಡಿಸೆಂಬರ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಇವುಗಳ ಮೇಲೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಪತ್ರ ಬರೆಯಿತು. 2019ರ ತಿದ್ದುಪಡಿಯ ಮೇಲೆ ಕಾನೂನಿಗೆ ಹೊರತಾದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ ಬೀಳಬಹುದು, ಆರು ತಿಂಗಳವರೆಗೆ ಜೈಲೂ ಆಗಬಹುದು. ಅಣ್ಣ ಜೈಲಿಗೆ ನಕ್ಕ, ‘ಒಂದೊಂದಕ್ಕೂ’ ಎನ್ನುವುದಕ್ಕೆ ಸ್ವಲ್ಪ ಗಂಭೀರನಾದ. ಹಿಂದಿನ ಗಾರ್ಡಿಗೆ ಮಾತು ಬೇಕಾಗಲಿಲ್ಲ. 2019ರ ಜುಲೈನಿಂದ ಹೊಸ ಕಾರುಗಳಿಗೆಲ್ಲ ಪಾರ್ಕಿಂಗ್ ಸೆನ್ಸರ್ ಕಡ್ಡಾಯ. ಅದರ ಮುಂದೆ ಕಂಬಿ ಹಾಕಿದರೆ ರಿವರ್ಸ್ ಹಾಕಿದಾಗಲೆಲ್ಲ ಕೀಂಯ್ ಎಂದು ಕಿರುಚುತ್ತದೆ ಎಂದು ಭಾಯ್ ಬೇರೆ ಗಾಡಿಯಲ್ಲಿ ತೋರಿಸಿಯೇಬಿಟ್ಟರು.

ಅಲಾಯ್ ವಿಷಯಕ್ಕೆ ಪೇಪರ್, ಪೆನ್ನು ತೆಗೆದೆ. ಟೈರಿನ ಮೇಲೆ 215/60 ಆರ್16 ಎಂದು ಬರೆದಿರುತ್ತದಲ್ಲ, ಅದನ್ನು ಓದಲು ಬಂದರೆ ಅರ್ಧ ಅಂಗಡಿಯವರಿಗಿಂತ ನೀವು ಮುಂದೆ. 215 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 60 ಎಂದರೆ ಆ ಅಗಲದ ಶೇ 60ರಷ್ಟು ಪಕ್ಕದ ರಬ್ಬರಿನ ಎತ್ತರ. 16 ಎಂದರೆ ರಿಮ್ಮಿನ ಇಂಚು. ಅಂದರೆ ಅಣ್ಣನ ಗಾಡಿಯಲ್ಲಿ ರಿಮ್ಮಿಗೂ ರಸ್ತೆಗೂ ನಡುವೆ 129 ಮಿಲಿಮೀಟರ್ ರಬ್ಬರ್ ಇದೆ. ಅವನು ಕೇಳಿದ 18 ಇಂಚಿನ ಅಲಾಯ್‌ಗೆ ಕೂರುವುದು 225/45ರ ಟೈರು. ಲೆಕ್ಕ ಹಾಕಿದರೆ 101 ಮಿಲಿಮೀಟರ್. ಎರಡೂ ಮುಕ್ಕಾಲು ಸೆಂಟಿಮೀಟರ್ ರಬ್ಬರ್ ಕಳೆದುಕೊಂಡು ಅದೇ ಜಾಗಕ್ಕೆ ಲೋಹ ಹಾಕಿಸಿಕೊಳ್ಳಲು ದುಡ್ಡು ಕೊಡುವುದು. “ಮನೆ ರಸ್ತೆಯ ಗುಂಡಿ ನಿಂಗೇ ಗೊತ್ತು” ಎಂದೆ. ಮಳೆಗಾಲ ಮುಗಿದ ಮೇಲೆ ನಮ್ಮೂರ ರಸ್ತೆಯಲ್ಲಿ ರಸ್ತೆಗಿಂತ ಗುಂಡಿಯೇ ನಯ. ಅಣ್ಣ ಪೇಪರ್ ನೋಡುತ್ತ ಕುಳಿತ. ಅಡಿಕೆ ಲೆಕ್ಕ ಬರೆಯುವವರಿಗೆ ಅಂಕಿ ಬೇಗ ಮನಸ್ಸಿಗೆ ಇಳಿಯುತ್ತದೆ.

ಕಪ್ಪು ಫಿಲ್ಮಿನ ಮಾತು ಬೇಗ ಮುಗಿಯಿತು. ಮುಂದಿನ, ಹಿಂದಿನ ಗಾಜಿನಲ್ಲಿ ಶೇ 70, ಪಕ್ಕದ ಗಾಜಿನಲ್ಲಿ ಶೇ 50 ಬೆಳಕು ಹಾಯಬೇಕು. ಕಪ್ಪು ಫಿಲ್ಮಿಗೆ 2012ರಲ್ಲೇ ಸುಪ್ರೀಂ ಕೋರ್ಟ್ ತಡೆ ಹಾಕಿದೆ. ಮಳೆ ಹೊಯ್ಯುವ ಆಗುಂಬೆ ಘಾಟಿಯಲ್ಲಿ ರಾತ್ರಿ ಹೊತ್ತು ಪಕ್ಕದ ಕನ್ನಡಿ ಕಾಣದಿದ್ದರೆ ಏನಾಗುತ್ತದೆ ಎಂದು ಅತ್ತಿಗೆಯೇ ಕೇಳಿದರು.

ಲೈಟಿಗೆ ಬಂದಾಗ ಅಣ್ಣ ಜಗ್ಗಲಿಲ್ಲ. ಮಂಜಿನಲ್ಲಿ ಮೇಲಿನಿಂದ ಬಿಟ್ಟ ಜೋರು ಬೆಳಕು ಮಂಜಿಗೇ ತಾಗಿ ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ, ಕೆಳಗಿರುವ ಫಾಗ್ ಲ್ಯಾಂಪೇ ಸಾಕು, ಎದುರಿನಿಂದ ಬರುವ ಬೈಕಿನವನ ಪಾಡು ನೋಡು ಎಂದೆಲ್ಲ ಹೇಳಿದೆ. “ಎಲ್ಲದಕ್ಕೂ ಬೇಡ ಅಂದ್ರೆ ಎಂತಕ್ಕೆ ಗಾಡಿ? ಎತ್ತಿನಗಾಡಿ ತಗೊಳ್ಬಹುದಿತ್ತು” ಎಂದು ರೇಗಿದ. ಸಿಟ್ಟಿನಲ್ಲಿ ಆ ಎಲ್‌ಇಡಿ ಬಾರ್ ಅನ್ನು ಆಮೇಲೆ ಹೊರಗೆ ಹಾಕಿಸಿಕೊಂಡ ಕೂಡ. ಇವತ್ತಿಗೂ ಇದೆ. ಮ್ಯೂಸಿಕ್‌ಗೆ ಮಾತ್ರ ನಾನೂ ಹೂಂ ಎಂದೆ, ಎರಡು ಷರತ್ತಿನ ಮೇಲೆ. ವೈರ್ ಕತ್ತರಿಸಿ ಟೇಪ್ ಸುತ್ತುವ ಹಾಗಿಲ್ಲ, ಗಾಡಿಯ ಸಾಕೆಟ್ಟಿಗೇ ಕೂರುವ ಕಪ್ಲರ್ ವೈರಿಂಗ್ ಆಗಬೇಕು. ಕತ್ತರಿಸಿದ ಕಡೆ ವಾರಂಟಿ ಹೋಗುತ್ತದೆ, ಸಡಿಲ ಜಾಯಿಂಟು ಬಿಸಿಯಾದರೆ ಬೆಂಕಿಯ ಭಯ ಬೇರೆ. ಎರಡನೆಯದು, ಇನ್ಶೂರೆನ್ಸಿನವರಿಗೆ ತಿಳಿಸಿ ಪಾಲಿಸಿಯಲ್ಲಿ ಬರೆಸಬೇಕು. ಹೊರಗಿನಿಂದ ಹಾಕಿಸಿದ ಎಲೆಕ್ಟ್ರಿಕಲ್ ಸಾಮಾನಿಗೆ ಅದರ ಬೆಲೆಯ ಸುಮಾರು ಶೇ 4ರಷ್ಟು ಪ್ರೀಮಿಯಂ. 20 ಸಾವಿರದ ಸಿಸ್ಟಂಗೆ ವರ್ಷಕ್ಕೆ 800. ಬರೆಸದಿದ್ದರೆ ಕಳ್ಳತನವಾದ ದಿನ ಅದು ಅವರ ಲೆಕ್ಕದಲ್ಲಿ ಇರುವುದೇ ಇಲ್ಲ.

ಇಷ್ಟೆಲ್ಲ ಮಾತಾಡುವಾಗ ಅತ್ತಿಗೆಯ ತೊಡೆಯ ಮೇಲೆ ಮೂರು ವರ್ಷದ ಮಗಳು ಬಿಸ್ಕತ್ತು ತಿನ್ನುತ್ತಿದ್ದಳು. ನನ್ನ ಕಣ್ಣು ಪಟ್ಟಿಯ ಮೇಲೆ ಮತ್ತೊಮ್ಮೆ ಹೋಯಿತು. 1,38,000 ರೂಪಾಯಿಯ ಪಟ್ಟಿಯಲ್ಲಿ ಅವಳಿಗಾಗಿ ಒಂದು ರೂಪಾಯಿಯದ್ದೂ ಇರಲಿಲ್ಲ.

“ಪುಟ್ಟಿ ಎಲ್ಲಿ ಕೂರ್ತಾಳೆ?”

“ಎಲ್ಲಿ ಅಂದ್ರೆ? ಇವಳ ತೊಡೆ ಮೇಲೆ. ಮುಂದೆ.”

ಗಾಡಿಯ ಹಿಂದಿನ ಸೀಟಿನ ಸಂದಿಗೆ ಅವನ ಕೈ ಹಾಕಿಸಿ ಒಳಗಿನ ಕಬ್ಬಿಣದ ಕೊಂಡಿ ಮುಟ್ಟಿಸಿದೆ. ಐಸೋಫಿಕ್ಸ್. ಮಗುವಿನ ಸೀಟನ್ನು ಗಾಡಿಯ ಮೈಗೇ ಬಿಗಿಯಲೆಂದು ಕಂಪನಿಯವರೇ ಕೊಟ್ಟಿರುವುದು. ಡಿಕ್ಕಿಯ ಹೊಡೆತದಲ್ಲಿ 12 ಕೆ.ಜಿ.ಯ ಮಗು ಆ ಕ್ಷಣಕ್ಕೆ ಎರಡು ಕ್ವಿಂಟಲಿನಷ್ಟು ಎಳೆಯಬಹುದು. ಎರಡು ಕ್ವಿಂಟಲ್ ಅಡಿಕೆ ಮೂಟೆಯನ್ನು ಹಾರಿಹೋಗದ ಹಾಗೆ ಎರಡು ಕೈಯಲ್ಲಿ ಹಿಡಿಯಲು ಅತ್ತಿಗೆಗೆ ಆಗುತ್ತದೆಯೇ ಎಂದು ಕೇಳಿದೆ. ಮುಂದೆ ಕೂತರೆ ತೆರೆದುಕೊಳ್ಳುವ ಏರ್‌ಬ್ಯಾಗ್‌ಗೆ ಮೊದಲು ಸಿಗುವುದೂ ಮಗುವೇ. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟ್ ಇಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡ ಎನ್ನುವ ನಿಯಮವೂ ಇದೆ ಎಂದೆ, ಆದರೆ ಅಷ್ಟರಲ್ಲಿ ಅಣ್ಣ ದಂಡದ ಮಾತು ಕೇಳುತ್ತಿರಲಿಲ್ಲ. ಕೈ ಇನ್ನೂ ಸೀಟಿನ ಸಂದಿಯಲ್ಲೇ ಇತ್ತು.

“ಆಯ್ತು, ಅದನ್ನ ಹಾಕು. ಎಷ್ಟು?”

ತಮಾಷೆ ಏನೆಂದರೆ ಮಕ್ಕಳ ಸೀಟು ನನ್ನ ಕೌಂಟರಿನಲ್ಲಿ ಇರಲೇ ಇಲ್ಲ. ಕ್ರೋಮಿನ ಹದಿನಾರು ಬಗೆ ಇತ್ತು, ಡ್ಯಾಶ್‌ಬೋರ್ಡಿನ ಮೇಲೆ ತಲೆಯಾಡಿಸುವ ನಾಯಿಮರಿ ಇತ್ತು, ಇದೊಂದು ಇರಲಿಲ್ಲ. ಯಾರೂ ಕೇಳುವುದಿಲ್ಲ, ಅದಕ್ಕೆ ಇಡುವುದಿಲ್ಲ. ನಾವು ಇಡುವುದಿಲ್ಲ, ಅದಕ್ಕೆ ಯಾರಿಗೂ ನೆನಪಾಗುವುದಿಲ್ಲ. ನನ್ನ ಫೋನಿನಲ್ಲೇ ಆನ್‌ಲೈನ್ ಹುಡುಕಿ, ಮಗುವಿನ ತೂಕ, ಎತ್ತರಕ್ಕೆ ಹೊಂದುವುದನ್ನು, ಮೇಲಿನಿಂದ ಬಿಗಿಯುವ ಪಟ್ಟಿ ಇರುವುದನ್ನು ಆರಿಸಿ ಅಣ್ಣನ ಹೆಸರಿಗೆ ಆರ್ಡರ್ ಮಾಡಿಸಿದೆ. ನನ್ನ ಟಾರ್ಗೆಟ್ಟಿಗೆ ಅದರಿಂದ ಸೊನ್ನೆ.

ನಮ್ಮಲ್ಲಿ ಅಣ್ಣ ತೆಗೆದುಕೊಂಡದ್ದು: ಅಂಚು ಎತ್ತರದ ರಬ್ಬರ್ ಮ್ಯಾಟ್, ನಾಲ್ಕು ಮಡ್ ಫ್ಲ್ಯಾಪ್, ಡಿಕ್ಕಿಗೆ ಟ್ರೇ, ಟೈರಿಗೆ ಗಾಳಿ ತುಂಬುವ ಸಣ್ಣ ಪಂಪು, ಒಂದು ಬೆಂಕಿ ಆರಿಸುವ ಸಿಲಿಂಡರ್, ಮ್ಯೂಸಿಕ್. ಕೆಂಪು ಮಣ್ಣಿನ ಕೆಸರಿನಲ್ಲಿ ಆರು ತಿಂಗಳು ಓಡುವ ಗಾಡಿಗೆ ಮಡ್ ಫ್ಲ್ಯಾಪಿನಷ್ಟು ಉಪಕಾರಿ ಇನ್ನೊಂದಿಲ್ಲ, ನೋಡಲು ಮಾತ್ರ ಏನೂ ಇಲ್ಲ. ಗಾಡಿ ಜೊತೆ ಬರಬೇಕಾದ ಕೆಂಪು ತ್ರಿಕೋನ, ಫಸ್ಟ್ ಏಡ್ ಪೆಟ್ಟಿಗೆ ಇವೆಯೇ ಎಂದು ಡಿಕ್ಕಿ ತೆಗೆದು ಅವನೆದುರೇ ನೋಡಿದೆ. ಬಿಲ್ 31 ಸಾವಿರ, ಅದರಲ್ಲಿ 20 ಸಾವಿರ ಮ್ಯೂಸಿಕ್‌ನದ್ದೇ. ಮ್ಯಾನೇಜರ್ ಎತ್ತಿದ್ದ ಹೆಬ್ಬೆರಳು ಜೇಬಿಗೆ ಹೋಯಿತು.

ಆರು ತಿಂಗಳ ಕೊನೆಗೆ ಕರೆದರು. ಸರಾಸರಿ 17,400. ಪ್ರೊಬೇಷನ್ ಇನ್ನು ಮೂರು ತಿಂಗಳು ಮುಂದಕ್ಕೆ. ‘ನೋಡೋಣ’ ಎಂದರು. ಹೊರಗೆ ಬಂದು ಭಾಯ್ ಪಕ್ಕ ಕುಳಿತೆ. ಅವರು ಏನೂ ಹೇಳದೆ ಅರ್ಧ ಚಹಾ ಕೊಟ್ಟರು.

ಸಣ್ಣದೊಂದು ಗೆಲುವು ಆಗಿದೆ, ಅದನ್ನೂ ಹೇಳಿಬಿಡುತ್ತೇನೆ. ಸೀಟ್ ಕವರ್ ಬೋರ್ಡಿನ ಮೇಲೆ ‘ನಿಮ್ಮ ಸೀಟಿನಲ್ಲಿ ಏರ್‌ಬ್ಯಾಗ್ ಇದೆಯೇ? ಮೊದಲು ಕೇಳಿ’ ಎಂದು ಪ್ರಿಂಟ್ ತೆಗೆದು ಅಂಟಿಸಿದ್ದೆ. ಹರಿದು ಹಾಕುತ್ತಾರೆ ಎಂದುಕೊಂಡಿದ್ದೆ. ಮ್ಯಾನೇಜರ್ ಒಂದು ದಿನ ಅದನ್ನು ಕಿತ್ತು ತೆಗೆದುಕೊಂಡು ಹೋಗಿ, ಲ್ಯಾಮಿನೇಷನ್ ಮಾಡಿಸಿ ತಂದು ಅದೇ ಜಾಗಕ್ಕೆ ಅಂಟಿಸಿದರು. ಆ ಬಗ್ಗೆ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಕ್ಕಳ ಸೀಟು ಎರಡು ತರಿಸಿ ಇಡಿ ಎಂದು ಕೊಟ್ಟ ಅರ್ಜಿ ಮಾತ್ರ ಇನ್ನೂ ಮೇಜಿನ ಮೇಲಿದೆ.

ಕಳೆದ ಶನಿವಾರ ಮೂವತ್ತೈದರ ಆಸುಪಾಸಿನ ಒಬ್ಬರು ಡೆಲಿವರಿಗೆ ಬಂದರು. ಶೋರೂಂನಲ್ಲಿ ಯಾರನ್ನೂ ಮಾತಾಡಿಸದೆ ನೇರ ನನ್ನ ಕೌಂಟರಿಗೆ ಬಂದು ನಿಂತರು. ಹುಡುಗರು ಇಲ್ವಾ ಎಂದು ಕೇಳುತ್ತಾರೆ ಎಂದು ನಾನು ಉತ್ತರ ಸಿದ್ಧ ಮಾಡಿಕೊಂಡೆ.

“ನಮ್ಮ ಮಾವ ಕಳಿಸಿದ್ರು. ರಿಟೈರ್ಡ್ ಮೇಷ್ಟ್ರು, ಕಂದು ಸೀಟ್ ಕವರ್‌ನವರು. ಅಲ್ಲೊಂದು ಬೇಡ ಅನ್ನೋ ಹುಡುಗಿ ಇದ್ದಾಳೆ, ಮೊದಲು ಅವಳ ಹತ್ರ ಕೇಳು ಅಂದ್ರು” ಎನ್ನುತ್ತ ಜೇಬಿನಿಂದ ಮಡಚಿದ ಚೀಟಿ ತೆಗೆದರು. ಅದೇ ಅಚ್ಚುಕಟ್ಟಾದ ಅಕ್ಷರ. “ಇದ್ರಲ್ಲಿ ಎಂತೆಂತ ಬೇಡ ಹೇಳಿ.”

ಬಿಲ್ ಆದದ್ದು 3,200 ರೂಪಾಯಿ.